ಬಿಯರ್ ಸವಿಯುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ದೊಡ್ಡ ಕಾರ್ಖಾನೆಗಳಲ್ಲಿ ತಯಾರಾಗುವ ಬಿಯರ್ ಮತ್ತು ಸಣ್ಣ ತಯಾರಕರ ಕ್ರಾಫ್ಟ್ ಬಿಯರ್ ಇವುಗಳ ರುಚಿಯನ್ನು ಹೋಲಿಸುವುದು ಹೇಗೆ ಎಂದು ಕೇಳಿ ಹಲವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರುಗಳನ್ನು ಬಿಟ್ಟು ಇಲ್ಲಿ ಉತ್ತರಿಸಿದ್ದೇನೆ. ಮದ್ಯಪಾನಕ್ಕೆ ಕಾನೂನು ಒಪ್ಪುವ ವಯಸ್ಸನ್ನು ದಾಟಿದವರಿಗೆ ಮಾತ್ರ ಈ ಉತ್ತರಗಳು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲವೆಂದುಕೊಂಡಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಒಂದು ಸಂಜೆ ನಾಲ್ಕು ಬಿಯರ್‌ಗಳನ್ನು ಹೋಲಿಸಿ ನೋಡಿದೆವು. ಒಂದು ಎಲ್ಲೆಡೆ ಸಿಗುವ ಹೆಸರಾಂತ ಲಾಗರ್ (ತಂಪಿನಲ್ಲಿ ಹುದುಗಿಸಿದ ಬಿಯರ್), ಉಳಿದವು ಸಣ್ಣ ತಯಾರಕರ ಗೋಧಿ ಬಿಯರ್, ಕಹಿಯೂ ಪರಿಮಳವೂ ಹೆಚ್ಚಿರುವ ಐಪಿಎ (ಇಂಡಿಯಾ ಪೇಲ್ ಏಲ್) ಮತ್ತು ಕಪ್ಪಗಿನ ಸ್ಟೌಟ್. ಬಾಟಲಿಗಳನ್ನು ಎದುರಿಗಿಟ್ಟುಕೊಂಡು ಕುಡಿದಾಗ ನಾಲ್ವರೂ ಐಪಿಎಗೆ ಮೊದಲ ಸ್ಥಾನ ಕೊಟ್ಟು ಲಾಗರನ್ನು ಕೊನೆಗೆ ತಳ್ಳಿದೆವು. ಮುಂದಿನ ವಾರ ಒಬ್ಬರ ಹೆಂಡತಿ ಬಾಟಲಿಗಳನ್ನು ಒಳಗಿಟ್ಟು ಲೋಟಗಳಲ್ಲಿ ಮಾತ್ರ ತಂದುಕೊಟ್ಟರು. ಆಗ ಇಬ್ಬರು ಲಾಗರನ್ನೇ ಮೊದಲಿಗಿಟ್ಟರು. ಯಾವ ದಿನದ ತೀರ್ಪನ್ನು ನಂಬಬೇಕು?

ಉತ್ತರ: ಎರಡನೆಯ ದಿನದ ತೀರ್ಪಿಗೆ ಹೆಚ್ಚು ಬೆಲೆಯಿದೆ, ಆದರೆ ಪೂರ್ತಿ ನಂಬುವಂತಹದಲ್ಲ.

ಮೊದಲ ದಿನ ನೀವು ಸವಿದದ್ದು ಬಿಯರನ್ನು ಮಾತ್ರವಲ್ಲ, ಬಾಟಲಿಯ ಮೇಲಿನ ಚಿತ್ರವನ್ನೂ, ಸಣ್ಣ ತಯಾರಕರ ಬಗ್ಗೆ ನಿಮ್ಮಲ್ಲಿರುವ ಪ್ರೀತಿಯನ್ನೂ ಸವಿದಿರಿ. ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ರಾಲ್ಫ್ ಆಲಿಸನ್ ಮತ್ತು ಕೆನೆತ್ ಊಲ್ ಎಂಬ ಅಮೆರಿಕದ ಸಂಶೋಧಕರು 1964ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಿಯರ್ ಕುಡಿಯುವ ಅಭ್ಯಾಸವಿದ್ದವರಿಗೆ ಮೊದಲು ಚೀಟಿ ಕಿತ್ತ ಬಾಟಲಿಗಳನ್ನೂ ಆಮೇಲೆ ಚೀಟಿಯಿದ್ದ ಬಾಟಲಿಗಳನ್ನೂ ಕೊಟ್ಟು ಅಂಕ ಹಾಕಿಸಲಾಗಿತ್ತು. ಹೆಸರಿಲ್ಲದಾಗ ಬಹುತೇಕರಿಗೆ ತಮ್ಮ ಮೆಚ್ಚಿನ ಬ್ರ್ಯಾಂಡನ್ನು ಗುರುತಿಸಲಾಗಲಿಲ್ಲ. ಹೆಸರು ಕಂಡ ಕೂಡಲೇ ಅಂಕಗಳು ಏರಿದವು, ಅದರಲ್ಲಿಯೂ ತಮ್ಮದೇ ಬ್ರ್ಯಾಂಡಿಗೆ ಒಲವು ಎದ್ದು ಕಂಡಿತು. ಆಗ ದೊಡ್ಡ ಕಂಪನಿಗಳ ಹೆಸರು ಮಾಡುತ್ತಿದ್ದ ಕೆಲಸವನ್ನು ಇಂದು 'ಕ್ರಾಫ್ಟ್' ಎಂಬ ಪದವೂ ಮಾಡುತ್ತಿದೆ.

ಎರಡನೆಯ ದಿನದ ದೋಷ ಬೇರೆ. ಸ್ಟೌಟಿನ ಕಪ್ಪು ಬಣ್ಣವನ್ನೂ ಗೋಧಿ ಬಿಯರಿನ ಮಬ್ಬನ್ನೂ ಬಾಟಲಿ ಅಡಗಿಸಿದ ಮಾತ್ರಕ್ಕೆ ಅಡಗಿಸಲಾಗದು. ಲೋಟ ಕಂಡೊಡನೆ ಯಾವುದು ಯಾವುದೆಂದು ನಾಲ್ವರಿಗೂ ತಿಳಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹುರಿದ ಬಾರ್ಲಿಯ ಕಮರು ವಾಸನೆಗಾಗಿಯೇ ಮಾಡಿದ ಸ್ಟೌಟನ್ನು, ನಾಲಿಗೆಯ ಮೇಲೆ ನಿಲ್ಲದೆ ಸರಿದುಹೋಗಲೆಂದು ಮಾಡಿದ ಲಾಗರಿನ ಪಕ್ಕದಲ್ಲಿಟ್ಟು ಯಾವುದು ಮೇಲು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅಂತಹ ಪ್ರಶ್ನೆಗೆ ಬರುವ ಉತ್ತರ ಕುಡಿಯುವವರ ಅಂದಿನ ದಾಹ, ಹಸಿವು, ಹವಾಮಾನಗಳ ಬಗ್ಗೆ ಹೇಳುತ್ತದೆಯೇ ಹೊರತು ಬಿಯರಿನ ಬಗ್ಗೆ ಹೇಳುವುದಿಲ್ಲ.

ಮುಂದಿನ ಸಲ ಒಂದೇ ಜಾತಿಯ ಮೂರು ಅಥವಾ ನಾಲ್ಕು ಬಿಯರ್‌ಗಳನ್ನು ಆರಿಸಿಕೊಳ್ಳಿ; ಉದಾಹರಣೆಗೆ ಎಲ್ಲವೂ ಪಿಲ್ಸ್ನರ್ ಎಂಬ ಹೊಂಬಣ್ಣದ ಲಾಗರ್ ಆಗಿರಲಿ, ಎರಡು ದೊಡ್ಡ ಕಂಪನಿಗಳದು, ಎರಡು ಸಣ್ಣ ತಯಾರಕರದು. ಅವುಗಳನ್ನು ತಯಾರಿಸಿದ ದಿನಾಂಕಗಳು ಆದಷ್ಟು ಹತ್ತಿರವಿರಲಿ. ಎಲ್ಲವನ್ನೂ ಒಂದೇ ಫ್ರಿಜ್ಜಿನಲ್ಲಿ ಒಂದೇ ದಿನ ಇಟ್ಟು, ಸುರಿಯುವ ಮೊದಲು ಒಂದಷ್ಟು ಹೊತ್ತು ಹೊರಗಿಡಿ. ತೆಳು ಲಾಗರ್‌ಗಳಿಗೆ 5ರಿಂದ 7 ಡಿಗ್ರಿ ಸೆಲ್ಸಿಯಸ್, ಬೆಚ್ಚಗೆ ಹುದುಗಿಸುವ ಏಲ್‌ಗಳಿಗೆ 8ರಿಂದ 13 ಡಿಗ್ರಿ ಸರಿಹೊಂದುತ್ತದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಪರಿಮಳದ ಅಂಶಗಳು ಲೋಟದಿಂದ ಮೇಲೇಳುವುದಿಲ್ಲ, ನಾಲಿಗೆಯೂ ಮಂಕಾಗುತ್ತದೆ. ಮಂಜು ಕಟ್ಟಿದ ಲೋಟದಲ್ಲಿ ಎಲ್ಲ ಲಾಗರ್‌ಗಳೂ ಒಂದೇ ಎಂದು ಕಾಣುವುದಕ್ಕೆ ಅರ್ಧ ಕಾರಣ ಲೋಟವೇ.

ಒಬ್ಬರಿಗೆ ಒಂದು ಬಿಯರಿನಿಂದ 60ರಿಂದ 90 ಮಿಲಿಲೀಟರ್ ಸಾಕು. ನಾಲ್ಕು ಬಿಯರ್‌ಗಳಿಂದ ತಲಾ 75 ಮಿಲಿಲೀಟರ್ ಎಂದರೂ 300 ಮಿಲಿಲೀಟರ್ ಆಗುತ್ತದೆ, ಶೇ. 5ರ ಬಿಯರಾದರೆ ಅದರಲ್ಲಿ ಸುಮಾರು 12 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅದಕ್ಕಿಂತ ಮುಂದೆ ಹೋದರೆ ತೀರ್ಪು ಕೊಡುವವರು ನೀವಾಗಿರುವುದಿಲ್ಲ. ನಡುನಡುವೆ ನೀರು ಕುಡಿಯಿರಿ, ಮನೆಗೆ ಹೋಗುವಾಗ ವಾಹನ ಮುಟ್ಟಬೇಡಿ.

ಇನ್ನೊಂದು ಶಿಸ್ತು ಬಹಳ ಅಗತ್ಯ: ನಾಲ್ವರೂ ತಮ್ಮ ತಮ್ಮ ಚೀಟಿಯಲ್ಲಿ ಬರೆದು ಮುಗಿಸುವ ತನಕ ಯಾರೂ ಬಾಯಿ ಬಿಡಬಾರದು. ಗುಂಪಿನಲ್ಲಿ ಗಟ್ಟಿ ದನಿಯವರೊಬ್ಬರು 'ಇದರಲ್ಲಿ ಜೇನಿನ ವಾಸನೆಯಿದೆ' ಎಂದುಬಿಟ್ಟರೆ, ಉಳಿದ ಮೂವರಿಗೂ ಕೂಡಲೇ ಜೇನು ಸಿಕ್ಕುತ್ತದೆ. ಸುರಿಯುವವರು ಲೋಟಗಳ ತಳಕ್ಕೆ ಅಂಕಿ ಅಂಟಿಸಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ ಕೊಡುವುದು ಒಳ್ಳೆಯದು, ಏಕೆಂದರೆ ಮೊದಲ ಗುಟುಕಿಗೆ ಸಿಗುವ ಮರ್ಯಾದೆ ಕೊನೆಯ ಗುಟುಕಿಗೆ ಸಿಗುವುದಿಲ್ಲ.

ಲೋಟದ ವಿಷಯದಲ್ಲಿ ನನ್ನದೇ ಒಂದು ಪೆಚ್ಚು ಪ್ರಸಂಗವನ್ನು ಹೇಳಿಬಿಡುತ್ತೇನೆ. ಒಮ್ಮೆ ಆರು ಬಿಯರ್‌ಗಳನ್ನು ಸಾಲಾಗಿ ಇಟ್ಟುಕೊಂಡು, ಒಂದರ ನೊರೆ ಅರೆ ನಿಮಿಷದಲ್ಲಿ ಕುಸಿದದ್ದನ್ನು ಕಂಡು, ಅದರ ತಯಾರಿಕೆಯಲ್ಲಿ ಏನೋ ಎಡವಟ್ಟಾಗಿದೆಯೆಂದು ಅರ್ಧ ಪುಟ ಬರೆದೆ. ಅದೇ ಬಾಟಲಿಯಿಂದ ಇನ್ನೊಂದು ಲೋಟಕ್ಕೆ ಸುರಿದಾಗ ನೊರೆ ಮೊಸರಿನಂತೆ ಗಟ್ಟಿಯಾಗಿ ನಿಂತಿತು. ಮೊದಲ ಲೋಟವನ್ನು ತೊಳೆದವನು ನಾನೇ; ಸಾಬೂನಿನ ಅಂಶ ಒಳಗೆ ಉಳಿದಿತ್ತು. ನೊರೆಯನ್ನು ಹಿಡಿದು ನಿಲ್ಲಿಸುವುದು ಮಾಲ್ಟಿನ, ಎಂದರೆ ಮೊಳೆಯಿಸಿ ಒಣಗಿಸಿದ ಬಾರ್ಲಿಯ, ಪ್ರೋಟೀನು ಮತ್ತು ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ ಅಂಶಗಳು. ಜಿಡ್ಡಾಗಲಿ ಸಾಬೂನಾಗಲಿ ಚೂರು ಸೋಕಿದರೂ ಆ ಜೋಡಣೆ ಒಡೆಯುತ್ತದೆ.

ಪ್ರಶ್ನೆ: ಎರಡು ಹೆಸರಾಂತ ಲಾಗರ್‌ಗಳ ನಡುವಿನ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ನನ್ನ ಅಣ್ಣ ಇದನ್ನು ಕೇಳಿ ನಗುತ್ತಾನೆ. ಅವನ ಬಾಯಿ ಮುಚ್ಚಿಸಲು ದಾರಿಯಿದೆಯೇ?

ಉತ್ತರ: ಇದೆ, ಆದರೆ ಆ ದಾರಿಯಲ್ಲಿ ನಿಮ್ಮ ಬಾಯಿ ಮುಚ್ಚುವ ಸಂಭವವೂ ಇದೆ.

ಮೂರು ಲೋಟ ತೆಗೆದುಕೊಂಡು ಎರಡರಲ್ಲಿ ಒಂದು ಬಿಯರನ್ನೂ ಮೂರನೆಯದರಲ್ಲಿ ಇನ್ನೊಂದನ್ನೂ ನಿಮ್ಮ ಅಣ್ಣ ಸುರಿಯಲಿ. ಯಾವುದು ಒಂಟಿ ಎಂಬುದನ್ನಷ್ಟೇ ನೀವು ಹೇಳಬೇಕು. ಇದಕ್ಕೆ ತ್ರಿಕೋನ ಪರೀಕ್ಷೆ ಎನ್ನುತ್ತಾರೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ರೂಪುಗೊಂಡ ಈ ಪದ್ಧತಿಯನ್ನು ಇಂದು ಆಹಾರೋದ್ಯಮದ ಅನೇಕ ಪ್ರಯೋಗಾಲಯಗಳು ಬಳಸುತ್ತವೆ. ಇದರ ಸೊಗಸೆಂದರೆ ಇಲ್ಲಿ 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಮಾತಿಗೇ ಜಾಗವಿಲ್ಲ.

ಕಣ್ಣು ಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗಿಬಿಡುತ್ತದೆ. ಹಾಗಾಗಿ ಒಂದೆರಡು ಸಲ ಗೆದ್ದರೆ ಏನೂ ಸಾಬೀತಾಗುವುದಿಲ್ಲ. ಎರಡು ಬಿಯರ್‌ಗಳನ್ನು ಮೂರು ಲೋಟಗಳಲ್ಲಿ ಜೋಡಿಸುವ ಕ್ರಮಗಳು ಒಟ್ಟು ಆರು. ಆರನ್ನೂ ಒಂದೊಂದು ಸಲ ಬಳಸಿದರೆ ಆರು ಪರೀಕ್ಷೆಗಳಾಗುತ್ತವೆ. ಬರಿಯ ಊಹೆಯಿಂದ ಆರರಲ್ಲಿ ನಾಲ್ಕು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಸುಮಾರು ಶೇ. 10, ಐದು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇ. 2ಕ್ಕಿಂತ ಕಡಿಮೆ. ಆದ್ದರಿಂದ ಐದು ಸರಿಯಾದರೆ ನಿಮ್ಮ ಅಣ್ಣ ಸೋಲೊಪ್ಪಲಿ, ನಾಲ್ಕಾದರೆ ಇನ್ನೊಮ್ಮೆ ಆಡಿ. ಒಂದು ಲೋಟಕ್ಕೆ 25 ಮಿಲಿಲೀಟರಿನಂತೆ, ದಿನಕ್ಕೆ ಮೂರು ಪರೀಕ್ಷೆಯಂತೆ ಎರಡು ದಿನ ಮಾಡಿದರೆ ನಾಲಿಗೆಯೂ ದಣಿಯುವುದಿಲ್ಲ.

ಕೆಲವೇ ಪ್ರಯೋಗಗಳಿಂದ ಎಷ್ಟು ಖಚಿತವಾಗಿ ಮಾತನಾಡಬಹುದು ಎಂಬ ಪ್ರಶ್ನೆಗೂ ಬಿಯರಿಗೂ ಹಳೆಯ ನಂಟಿದೆ. ಸಂಖ್ಯಾಶಾಸ್ತ್ರ ಓದಿದವರೆಲ್ಲ 'ಸ್ಟೂಡೆಂಟ್' ಎಂಬ ಹೆಸರಿನ ಟಿ-ಪರೀಕ್ಷೆಯನ್ನು ಬಲ್ಲರು. 1908ರಲ್ಲಿ ಆ ಗುಪ್ತನಾಮದಲ್ಲಿ ಬರೆದವರು ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್. ಬಾರ್ಲಿಯ ಮತ್ತು ಹಾಪ್ಸಿನ ಸಣ್ಣ ಸಣ್ಣ ಮಾದರಿಗಳನ್ನು ನೋಡಿ ದೊಡ್ಡ ನಿರ್ಧಾರ ಕೈಗೊಳ್ಳಬೇಕಾದ ಅನಿವಾರ್ಯತೆಯೇ ಆ ಗಣಿತವನ್ನು ಹುಟ್ಟಿಸಿತು.

ಪ್ರಶ್ನೆ: ಕ್ರಾಫ್ಟ್ ಬಿಯರ್ ಎಂದರೆ ನಿಖರವಾಗಿ ಏನು? ದೊಡ್ಡ ಕಂಪನಿಯೊಂದು ಸಣ್ಣ ಬ್ರೂವರಿಯನ್ನು ಕೊಂಡುಕೊಂಡರೆ ಅದರ ಬಿಯರ್ ಕ್ರಾಫ್ಟ್ ಆಗಿ ಉಳಿಯುತ್ತದೆಯೇ?

ಉತ್ತರ: ಜಗತ್ತಿಗೆಲ್ಲ ಅನ್ವಯಿಸುವ ವ್ಯಾಖ್ಯೆ ಯಾವುದೂ ಇಲ್ಲ. ಹೆಚ್ಚಾಗಿ ಉಲ್ಲೇಖಿಸಲಾಗುವುದು ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ನಿನ ವ್ಯಾಖ್ಯೆ. ಅದರಂತೆ ಕ್ರಾಫ್ಟ್ ಬ್ರೂವರಿಯ ವಾರ್ಷಿಕ ಉತ್ಪಾದನೆ 60 ಲಕ್ಷ ಬ್ಯಾರೆಲ್ಲನ್ನು ಮೀರಬಾರದು, ಮತ್ತು ಕ್ರಾಫ್ಟ್ ಅಲ್ಲದ ಮದ್ಯೋದ್ಯಮಿಗಳ ಒಡೆತನ ಅದರಲ್ಲಿ ಶೇ. 25ಕ್ಕಿಂತ ಕಡಿಮೆಯಿರಬೇಕು. ಅಲ್ಲಿನ ಒಂದು ಬ್ಯಾರೆಲ್ ಸುಮಾರು 117 ಲೀಟರ್. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 70 ಕೋಟಿ ಲೀಟರ್ ತಯಾರಿಸುವವರೂ 'ಸಣ್ಣವರೇ' ಆಗುತ್ತಾರೆ!

ನಿಮ್ಮ ಎರಡನೆಯ ಪ್ರಶ್ನೆಗೆ ಉದಾಹರಣೆ ಷಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿ. 2011ರಲ್ಲಿ ಅದನ್ನು ಬೃಹತ್ ಬಿಯರ್ ಕಂಪನಿ ಆನ್‌ಹೈಸರ್-ಬುಷ್ ಇನ್‌ಬೆವ್ ಕೊಂಡುಕೊಂಡಾಗ, ಮೇಲಿನ ವ್ಯಾಖ್ಯೆಯ ಪ್ರಕಾರ ಅದು ಕ್ರಾಫ್ಟ್ ಪಟ್ಟಿಯಿಂದ ಹೊರಬಿತ್ತು. ಸಹಿ ಬಿದ್ದ ಹಿಂದಿನ ದಿನ ಮತ್ತು ಮರುದಿನ ತೊಟ್ಟಿಗಳಲ್ಲಿ ಹುದುಗುತ್ತಿದ್ದ ಬಿಯರ್ ಮಾತ್ರ ಅದೇ. ಒಡೆತನ ಬದಲಾದ ಮೇಲೆ ನಿಧಾನವಾಗಿ ರುಚಿ ಬದಲಾಗಬಹುದು, ಆಗದೆಯೂ ಇರಬಹುದು. ಅದನ್ನು ಹೇಳಬೇಕಾದದ್ದು ಲೋಟ, ಷೇರು ಪತ್ರವಲ್ಲ. ಯಾರ ಜೇಬಿಗೆ ಹಣ ಹೋಗಬೇಕೆಂಬ ಕಾಳಜಿಯಿಂದ ಸಣ್ಣವರ ಬಿಯರನ್ನೇ ಕೊಳ್ಳುವುದಾದರೆ ಅದು ಗೌರವಿಸಬೇಕಾದ ಕಾರಣ. ಅದನ್ನು ರುಚಿಯ ಕಾರಣವೆಂದು ತಪ್ಪು ತಿಳಿಯದಿದ್ದರೆ ಸಾಕು.

ಹಾಗೆಂದು ಸಣ್ಣವರ ಋಣವನ್ನು ಮರೆಯುವಂತಿಲ್ಲ. ಅಮೆರಿಕದಲ್ಲಿ ಎಲ್ಲ ಕಡೆ ಒಂದೇ ಬಗೆಯ ತೆಳು ಲಾಗರ್ ತುಂಬಿದ್ದ ಕಾಲದಲ್ಲಿ, 1976ರಲ್ಲಿ ಜಾಕ್ ಮೆಕಾಲಿಫ್ ಕ್ಯಾಲಿಫೋರ್ನಿಯಾದಲ್ಲಿ ನ್ಯೂ ಆಲ್ಬಿಯನ್ ಎಂಬ ಸಣ್ಣ ಬ್ರೂವರಿಯನ್ನು ಆರಂಭಿಸಿದರು. ಅದು ಬಹಳ ಕಾಲ ಬಾಳಲಿಲ್ಲ. 1980ರಲ್ಲಿ ಕೆನ್ ಗ್ರಾಸ್‌ಮನ್ ಅವರ ಸಿಯೆರಾ ನೆವಾಡಾ ಬ್ರೂವರಿ, ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯನ್ನು ಧಾರಾಳವಾಗಿ ಬಳಸಿ ತನ್ನ ಪೇಲ್ ಏಲ್ ತಂದಿತು. ಇಂದು ಐಪಿಎ ಕುಡಿದಾಗ ಮೂಗಿಗೆ ಬಡಿಯುವ ಕಿತ್ತಳೆ ಸಿಪ್ಪೆಯ, ಚಕೋತದ ಪರಿಮಳಕ್ಕೆ ಜನರ ಮೂಗನ್ನು ಒಗ್ಗಿಸಿದ್ದು ಬಹುಮಟ್ಟಿಗೆ ಅದೇ ಬಿಯರ್. ಇಂಗ್ಲೆಂಡಿನಲ್ಲಿ ಪೀಪಾಯಿಯಲ್ಲಿಯೇ ಹುದುಗಿ ಪಕ್ವವಾಗುವ ಸಾಂಪ್ರದಾಯಿಕ ಏಲ್‌ಗಳನ್ನು ಉಳಿಸಲು 1971ರಲ್ಲಿಯೇ ಕುಡಿಯುವವರ ಸಂಘಟನೆಯೊಂದು ಹುಟ್ಟಿಕೊಂಡಿತ್ತು.

ಪ್ರಶ್ನೆ: ದೊಡ್ಡ ಕಂಪನಿಗಳ ಲಾಗರ್‌ಗಳು ಅಕ್ಕಿ, ಮೆಕ್ಕೆಜೋಳ ಸೇರಿಸಿದ ನೀರಿನಂತಹ ಪಾನೀಯ ಎಂದು ನನ್ನ ಸ್ನೇಹಿತರು ಹೀಯಾಳಿಸುತ್ತಾರೆ. ಇದು ಕಲಬೆರಕೆಯಲ್ಲವೇ? ಇಂತಹ ಬಿಯರಿನಲ್ಲಿ ಮೆಚ್ಚುವಂತಹದು ಏನಾದರೂ ಇದೆಯೇ?

ಉತ್ತರ: ನಿಮ್ಮ ಸ್ನೇಹಿತರ ಮಾತಿನಲ್ಲಿ ಸತ್ಯ ಇರುವುದು 'ಅಕ್ಕಿ, ಮೆಕ್ಕೆಜೋಳ' ಎಂಬಲ್ಲಿಗೆ ಮಾತ್ರ.

ಬವೇರಿಯಾದ 1516ರ ಪ್ರಸಿದ್ಧ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇವಿಷ್ಟನ್ನೇ ಬಳಸಬೇಕೆಂದು ವಿಧಿಸಿತು. ಯೀಸ್ಟಿನ ಹೆಸರು ಅದರಲ್ಲಿಲ್ಲ, ಏಕೆಂದರೆ ಹುದುಗಿಸುವ ಆ ಜೀವಿಯ ಕೆಲಸ ಏನೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಈ ಕಟ್ಟಳೆಯನ್ನು ಧರ್ಮಗ್ರಂಥದಂತೆ ಹಿಡಿದವರು ಬೇರೆ ಧಾನ್ಯ ಕಂಡರೆ ಮುಖ ಸಿಂಡರಿಸುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬೆಳೆಯುತ್ತಿದ್ದ ಆರು ಸಾಲು ಕಾಳಿನ ಬಾರ್ಲಿಯಲ್ಲಿ ಪ್ರೋಟೀನು ಹೆಚ್ಚು; ಅದೊಂದನ್ನೇ ಬಳಸಿದರೆ ಬಿಯರ್ ಮಬ್ಬಾಗಿ, ಭಾರವಾಗಿ ಬರುತ್ತಿತ್ತು. ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಬೆರೆಸಿದಾಗ ಪ್ರೋಟೀನು ತಗ್ಗಿ, ತಿಳಿಯಾದ ಹಗುರ ಲಾಗರ್ ಸಿಕ್ಕಿತು. 1876ರಲ್ಲಿ ಬಂದ ಅಮೆರಿಕದ ಬಡ್‌ವೈಸರ್ ಅಕ್ಕಿಯ ದಾರಿ ಹಿಡಿದದ್ದು ಹೀಗೆ. ಇದು ಮುಚ್ಚಿಟ್ಟು ಮಾಡುವ ಕಲಬೆರಕೆಯಲ್ಲ, ಹಗುರತನಕ್ಕಾಗಿ ತಿಳಿದೇ ಮಾಡಿದ ಆಯ್ಕೆ. ಆ ಹಗುರತನ ನಿಮಗೆ ಬೇಡವಾದರೆ ಅದು ಬೇರೆ ಮಾತು.

ಲಾಗರ್ ಕುಲಕ್ಕೆಲ್ಲ ಮಾದರಿಯಾದ ಬಿಯರನ್ನು ನೋಡಿದರೆ ಈ ಹೀಯಾಳಿಕೆ ಇನ್ನಷ್ಟು ಸಡಿಲವಾಗುತ್ತದೆ. 1842ರಲ್ಲಿ ಬೊಹೀಮಿಯಾದ ಪಿಲ್ಸೆನ್ ಪಟ್ಟಣದಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ಬಿಯರ್ ತಯಾರಕರು ತಿಳಿಬಣ್ಣದ ಮಾಲ್ಟ್, ಅಲ್ಲಿನ ಸಾಟ್ಸ್ ಹಾಪ್ಸ್, ಲವಣಾಂಶ ಬಹಳ ಕಡಿಮೆಯಿದ್ದ ಮೃದುವಾದ ನೀರು ಮತ್ತು ತಂಪಿನಲ್ಲಿ ಹುದುಗುವ ಯೀಸ್ಟನ್ನು ಕೂಡಿಸಿ ಹೊಂಬಣ್ಣದ ಲಾಗರ್ ತಯಾರಿಸಿದರು. ಇಂದು ಲೋಕದಲ್ಲಿ ಬಿಕರಿಯಾಗುವ ತೆಳು ಲಾಗರ್‌ಗಳೆಲ್ಲ ಅದರ ದೂರದ ನೆಂಟರು. ಈಗಲೂ ಪಿಲ್ಸ್ನರ್ ಉರ್ಕ್ವೆಲ್ ಎಂಬ ಹೆಸರಿನಲ್ಲಿ ಸಿಗುವ ಆ ಬಿಯರನ್ನು ತಯಾರಿಸುವುದು ಭಾರೀ ಕಾರ್ಖಾನೆಯೇ, ಒಡೆತನವೂ ಅಂತರರಾಷ್ಟ್ರೀಯ ಕಂಪನಿಯದೇ. ಆದರೂ ಅದರ ಬ್ರೆಡ್ಡಿನಂತಹ ಮಾಲ್ಟ್ ರುಚಿ ಮತ್ತು ಚುರುಕಾದ ಕಹಿಯನ್ನು ಕಂಡವರು ಅದನ್ನು ನೀರು ಎನ್ನಲಾರರು.

ಇನ್ನು ಮೆಚ್ಚುವಂತಹದು ಯಾವುದು ಎಂಬ ಪ್ರಶ್ನೆ. ನನ್ನ ಲೆಕ್ಕದಲ್ಲಿ ಅದು ಒಂದೇ ರುಚಿಯನ್ನು ಸಾವಿರ ಸಲ ಮರಳಿ ತರುವ ಕಸುಬು. ಬಾರ್ಲಿಯ ಗುಣ ಪ್ರತಿ ಸುಗ್ಗಿಗೂ ಬದಲಾಗುತ್ತದೆ, ಹಾಪ್ಸಿನ ಗುಣ ಹೊಲದಿಂದ ಹೊಲಕ್ಕೆ ಬೇರೆ, ನೀರು ಊರಿಂದ ಊರಿಗೆ ಬೇರೆ. ಹೀಗಿದ್ದೂ ಹತ್ತು ದೇಶಗಳ ಹತ್ತು ಕಾರ್ಖಾನೆಗಳ ಬಾಟಲಿಗಳಲ್ಲಿ ವ್ಯತ್ಯಾಸ ಕಾಣದಂತೆ ಮಾಡುವುದು ಹುಡುಗಾಟವಲ್ಲ. ಇದಕ್ಕೆ ತಳಪಾಯ ಹಾಕಿದ್ದು 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್. ಬೆರಕೆಯಾಗಿ ಬೆಳೆಯುತ್ತಿದ್ದ ಯೀಸ್ಟಿನಿಂದ ಒಂದೇ ತಳಿಯನ್ನು ಬೇರ್ಪಡಿಸಿ ಬೆಳೆಸುವುದನ್ನು ಅವರು ಸಾಧಿಸಿದರು. ಬ್ರೂವರಿ ಅದನ್ನು ಬಚ್ಚಿಡದೆ ಇತರ ತಯಾರಕರಿಗೂ ಹಂಚಿತು.

ತೆಳು ಲಾಗರಿನಲ್ಲಿ ತಪ್ಪನ್ನು ಮುಚ್ಚಿಡಲು ಜಾಗವೂ ಇಲ್ಲ. ಹುರಿದ ಮಾಲ್ಟಿನ ಅಥವಾ ಕೈತುಂಬ ಸುರಿದ ಹಾಪ್ಸಿನ ಅಬ್ಬರದಲ್ಲಿ ಸಣ್ಣ ದೋಷಗಳು ಅಡಗಿಹೋಗುತ್ತವೆ. ಹಾಗಾಗಿ ಹೊಸ ಬ್ರೂವರಿಯೊಂದರ ಕೈಚಳಕ ತಿಳಿಯಬೇಕಾದಾಗ ನಾನು ಅವರ ಹಣ್ಣು ಬೆರೆಸಿದ, ಕಾಫಿ ಬೆರೆಸಿದ ಬಿಯರ್‌ಗಳ ತಂಟೆಗೆ ಹೋಗದೆ ಮೊದಲು ಸಾದಾ ಪಿಲ್ಸ್ನರನ್ನೇ ಕೇಳುತ್ತೇನೆ.

ಪ್ರಶ್ನೆ: ಹಸಿರು ಬಾಟಲಿಯ ಬಿಯರೊಂದಕ್ಕೆ ಕೆಟ್ಟ ವಾಸನೆ ಬಂದಿತ್ತು. ಅದೇ ಬಿಯರ್ ಕ್ಯಾನಿನಲ್ಲಿ ಚೆನ್ನಾಗಿತ್ತು. ನಕಲಿ ಮಾಲು ಇರಬಹುದೇ? ಬಿಯರ್ ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಉತ್ತರ: ನಕಲಿಯಾಗಿರಬೇಕಿಲ್ಲ, ಬೆಳಕು ತಗುಲಿರಬೇಕು. ಹಾಪ್ಸಿನ ಕಹಿ ಅಂಶಗಳ ಮೇಲೆ ಬೆಳಕು ಬಿದ್ದಾಗ, ಬಿಯರಿನಲ್ಲಿರುವ ರೈಬೋಫ್ಲಾವಿನ್ ನಡುವೆ ನಿಂತು, ಗಂಧಕವುಳ್ಳ ಒಂದು ಸಂಯುಕ್ತ ಹುಟ್ಟುತ್ತದೆ. ಸ್ಕಂಕ್ ಎಂಬ ಪ್ರಾಣಿ ಹೊರಚೆಲ್ಲುವ ದ್ರವದ ವಾಸನೆಯನ್ನು ಇದು ಹೋಲುತ್ತದೆ. ಆ ಪ್ರಾಣಿಯನ್ನು ಕಾಣದವರು ಸುಟ್ಟ ರಬ್ಬರನ್ನು ನೆನೆಸಿಕೊಳ್ಳಬಹುದು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಕ್ಕಿಬೀಳುವಷ್ಟು ಇದರ ಘಾಟು ಬಲವಾದದ್ದು. ಕಂದು ಗಾಜು ಈ ಕ್ರಿಯೆಗೆ ಕಾರಣವಾದ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ, ಬಣ್ಣವಿಲ್ಲದ ಗಾಜು ತಡೆಯುವುದೇ ಇಲ್ಲ. ಕ್ಯಾನಿನೊಳಕ್ಕೆ ಬೆಳಕಿಗೆ ಪ್ರವೇಶವೇ ಇಲ್ಲ. ಬಣ್ಣವಿಲ್ಲದ ಬಾಟಲಿಯಲ್ಲಿ ಮಾರುವ ಕೆಲವು ಕಂಪನಿಗಳು ಬೆಳಕಿಗೆ ಜಗ್ಗದಂತೆ ಮಾರ್ಪಡಿಸಿದ ಹಾಪ್ಸ್ ಸತ್ತ್ವವನ್ನು ಬಳಸುತ್ತವೆ.

ಈ ವಾಸನೆಯನ್ನು ಮನೆಯಲ್ಲಿಯೇ ಕಲಿಯಬಹುದು. ಕಹಿ ಚೆನ್ನಾಗಿರುವ ಲಾಗರನ್ನು ಕ್ಯಾನಿನಿಂದ ಎರಡು ಗಾಜಿನ ಲೋಟಗಳಿಗೆ ಸುರಿದು, ಒಂದನ್ನು ಹದಿನೈದು ನಿಮಿಷ ನೇರ ಬಿಸಿಲಿನಲ್ಲಿ, ಇನ್ನೊಂದನ್ನು ಅಷ್ಟೇ ಹೊತ್ತು ಕತ್ತಲಲ್ಲಿ ಇಡಿ. ಆಮೇಲೆ ಎರಡನ್ನೂ ಮೂಸಿ ನೋಡಿ. ಒಮ್ಮೆ ಅರಿತ ಮೂಗು ಅದನ್ನು ಮರೆಯುವುದಿಲ್ಲ. ವಿಚಿತ್ರವೆಂದರೆ, ಹಸಿರು ಬಾಟಲಿಯ ಬಿಯರನ್ನೇ ಕುಡಿದು ಅಭ್ಯಾಸವಾದ ಕೆಲವರು ಈ ದೋಷವನ್ನೇ ಆ ಬ್ರ್ಯಾಂಡಿನ ಗುರುತೆಂದು ಪ್ರೀತಿಸುವುದನ್ನು ನಾನು ಕಂಡಿದ್ದೇನೆ.

ಉಳಿದ ದೋಷಗಳಲ್ಲಿ ನಾಲ್ಕನ್ನು ಗುರುತಿಸಲು ಕಲಿತರೆ ಬಹಳಷ್ಟಾಯಿತು. ನೆನೆದ ರಟ್ಟಿನ ಅಥವಾ ಹಳೆಯ ಕಾಗದದ ರುಚಿ ಬಂದರೆ ಬಿಯರ್ ಹಳತಾಗಿದೆ, ಆಮ್ಲಜನಕ ಅದನ್ನು ಕೆಡಿಸಿದೆ. ಬೆಚ್ಚಗಿನ ಜಾಗದಲ್ಲಿ ಇಟ್ಟಷ್ಟೂ ಇದು ಬೇಗ ಬರುತ್ತದೆ. ಬೆಣ್ಣೆಯ ವಾಸನೆ ಡೈಅಸಿಟೈಲ್ ಎಂಬುದರದು. ಹುದುಗುವಾಗ ಇದು ಹುಟ್ಟುವುದು ಸಹಜ. ಸಾಕಷ್ಟು ಕಾಲ ಬಿಟ್ಟರೆ ಯೀಸ್ಟೇ ಅದನ್ನು ಹೀರಿಕೊಳ್ಳುತ್ತದೆ, ಅವಸರಪಟ್ಟು ಬಾಟಲಿಗೆ ತುಂಬಿದರೆ ಉಳಿದುಬಿಡುತ್ತದೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ತಿಳಿಬಣ್ಣದ ಮಾಲ್ಟಿನಿಂದ ಬರುವ ಡೈಮೀಥೈಲ್ ಸಲ್ಫೈಡಿನದು. ಮಾಲ್ಟಿನ ರಸವನ್ನು ಜೋರಾಗಿ ಕುದಿಸಿದರೆ ಆವಿಯೊಡನೆ ಹೊರಟುಹೋಗಬೇಕಾದದ್ದು ಹೋಗಿಲ್ಲ ಎಂದರ್ಥ. ಹಸಿರು ಸೇಬಿನ ವಾಸನೆ ಅಸಿಟಾಲ್ಡಿಹೈಡಿನದು, ಬಿಯರ್ ಇನ್ನೂ ಎಳಸು ಎಂಬುದರ ಸೂಚನೆ.

ಆದರೆ ಈ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡು ಎಲ್ಲ ಬಿಯರ್‌ಗಳ ಮೇಲೂ ಪ್ರಯೋಗಿಸಬೇಡಿ. ಒಂದು ಬಿಯರಿನ ದೋಷ ಇನ್ನೊಂದರ ಲಕ್ಷಣವಾಗಿರುತ್ತದೆ. ಬಾಳೆಹಣ್ಣು ಮತ್ತು ಲವಂಗದ ವಾಸನೆ ಪಿಲ್ಸ್ನರಿನಲ್ಲಿ ಬಂದರೆ ಬಚ್ಚಲಿಗೆ ಸುರಿಯಬಹುದು. ಬವೇರಿಯಾ ಮಾದರಿಯ ಗೋಧಿ ಬಿಯರಿನಲ್ಲಿ ಬರದಿದ್ದರೆ ತಯಾರಕರನ್ನು ಕೇಳಬೇಕು. ಅಲ್ಲಿ ಅದನ್ನು ಕೊಡುವುದು ಬಾಳೆಹಣ್ಣೂ ಅಲ್ಲ, ಲವಂಗವೂ ಅಲ್ಲ, ವಿಶೇಷವಾದ ಯೀಸ್ಟ್ ತಳಿ. ಚೆಕ್ ಲಾಗರ್‌ಗಳಲ್ಲಿ ಬೆಣ್ಣೆಯ ಎಳೆಯೊಂದು ಇದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಬ್ರಸೆಲ್ಸ್ ಸುತ್ತಲಿನ ಲ್ಯಾಂಬಿಕ್ ಬಿಯರ್‌ಗಳಂತೂ ಗಾಳಿಯಲ್ಲಿರುವ ಕಾಡು ಯೀಸ್ಟು ಮತ್ತು ಬ್ಯಾಕ್ಟೀರಿಯಾಗಳಿಂದಲೇ ಹುದುಗುವಂಥವು. ಅವುಗಳ ಹುಳಿಯನ್ನು ಕಂಡು 'ಕೆಟ್ಟಿದೆ' ಎಂದರೆ ತಪ್ಪಾಗುತ್ತದೆ.

ತಾಜಾತನದ ವಿಷಯದಲ್ಲಿ ಕ್ರಾಫ್ಟ್ ಬಿಯರ್‌ಗಳೇ ಹೆಚ್ಚು ನಾಜೂಕು. ದೊಡ್ಡ ಕಂಪನಿಗಳು ಬಹುಮಟ್ಟಿಗೆ ಬಿಯರನ್ನು ಪಾಶ್ಚರೀಕರಿಸುತ್ತವೆ, ಬಾಟಲಿಯೊಳಗೆ ಆಮ್ಲಜನಕ ಸೇರದಂತೆ ತಡೆಯಲು ದುಬಾರಿ ಯಂತ್ರಗಳನ್ನು ಇಟ್ಟುಕೊಂಡಿರುತ್ತವೆ. ಸಣ್ಣವರಲ್ಲಿ ಅನೇಕರಿಗೆ ಅದು ಎಟುಕುವುದಿಲ್ಲ. ಹಾಪ್ಸಿನ ಪರಿಮಳವನ್ನೇ ನೆಚ್ಚಿಕೊಂಡ ಐಪಿಎ ಮೂರು ತಿಂಗಳೊಳಗೆ ಕುಡಿಯಬೇಕಾದ ಬಿಯರ್. ಮಬ್ಬು ಐಪಿಎಗಳು ಅದಕ್ಕೂ ಬೇಗ ಸೊರಗುತ್ತವೆ. ಕೊಳ್ಳುವಾಗ ಚಿತ್ರ ನೋಡುವ ಮೊದಲು ತಯಾರಿಸಿದ ದಿನಾಂಕ ನೋಡಿ. ಆರು ತಿಂಗಳು ಬೆಚ್ಚಗಿನ ಕಪಾಟಿನಲ್ಲಿದ್ದ ಐಪಿಎಯನ್ನು ಕಳೆದ ತಿಂಗಳ ಲಾಗರಿನೊಡನೆ ಹೋಲಿಸಿ ಸಣ್ಣವರನ್ನು ಜರೆಯುವುದು ಅನ್ಯಾಯ.

ಪ್ರಶ್ನೆ: 60 ಐಬಿಯು ಎಂದು ಬರೆದಿದ್ದ ಸ್ಟೌಟ್ ನನಗೆ ಕಹಿಯೆನಿಸಲಿಲ್ಲ, 40 ಇದ್ದ ಪಿಲ್ಸ್ನರ್ ಕಹಿಯೆನಿಸಿತು. ಅಂಕಿ ತಪ್ಪಾಗಿರಬಹುದೇ?

ಉತ್ತರ: ಅಂಕಿ ಸರಿಯಿದ್ದೀತು. ಐಬಿಯು ಅಳೆಯುವುದು ಹಾಪ್ಸಿನಿಂದ ಬಂದ ಕಹಿ ಅಂಶದ ಪ್ರಮಾಣವನ್ನು. ಸ್ಥೂಲವಾಗಿ ಒಂದು ಐಬಿಯು ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ. ನಾಲಿಗೆ ಅಳೆಯುವುದು ಪ್ರಮಾಣವನ್ನಲ್ಲ, ಸಿಹಿಕಹಿಗಳ ಸಮತೂಕವನ್ನು. ಭಾರವಾದ ಸ್ಟೌಟಿನಲ್ಲಿ ಹುದುಗದೆ ಉಳಿದ ಮಾಲ್ಟಿನ ಸಿಹಿ ಇನ್ನೊಂದು ತಟ್ಟೆಯಲ್ಲಿ ಕುಳಿತಿರುತ್ತದೆ, ಪಿಲ್ಸ್ನರಿನಲ್ಲಿ ಆ ತಟ್ಟೆ ಹೆಚ್ಚುಕಡಿಮೆ ಬರಿದು. ಅಮೆರಿಕ ಮಾದರಿಯ ಹಗುರ ಲಾಗರ್ ಸಾಮಾನ್ಯವಾಗಿ 8ರಿಂದ 12, ಐಪಿಎ 40ರಿಂದ 70 ಐಬಿಯು ಇರುತ್ತದೆ. ಒಂದೇ ಜಾತಿಯ ಎರಡು ಬಿಯರ್‌ಗಳ ನಡುವೆ ಈ ಅಂಕಿ ಉಪಯುಕ್ತ, ಜಾತಿ ಬದಲಾದರೆ ಅಲ್ಲ.

ಪ್ರಶ್ನೆ: ಬಾಟಲಿಯಿಂದ ನೇರವಾಗಿ ಕುಡಿದರೆ ರುಚಿ ಕಡಿಮೆಯಾಗುತ್ತದೆಯೇ?

ಉತ್ತರ: ದಾಹ ತೀರಿಸಿಕೊಳ್ಳಲು ಅಡ್ಡಿಯಿಲ್ಲ. ಹೋಲಿಸಿ ನೋಡುವಾಗ ಬೇಡ. ನಾವು ರುಚಿಯೆಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ಮೂಗಿನದು. ಬಾಟಲಿಯ ಕಿರಿದಾದ ಬಾಯಿಯಿಂದ ಮೂಗಿಗೆ ಏನೂ ತಲುಪುವುದಿಲ್ಲ. ತುಸು ಒಳಬಾಗಿದ ಬಾಯಿಯ ಲೋಟಕ್ಕೆ ಮೂರನೆಯ ಒಂದು ಭಾಗ ಮಾತ್ರ ಸುರಿದು, ಒಮ್ಮೆ ತಿರುಗಿಸಿ, ಮೊದಲು ಮೂಸಿರಿ. ನುಂಗಿದ ಮೇಲೆ ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಟ್ಟರೆ ಪರಿಮಳ ಎರಡನೆಯ ಸಲ ಬರುತ್ತದೆ. ಬಿಯರನ್ನು ಸಾಮಾನ್ಯವಾಗಿ ಉಗುಳದೆ ನುಂಗಿಯೇ ಪರೀಕ್ಷಿಸುವುದಕ್ಕೆ ಇದೂ ಒಂದು ಕಾರಣ. ಕಹಿ ಎಷ್ಟು ಹೊತ್ತು ಉಳಿಯುತ್ತದೆಂಬುದು ತಿಳಿಯುವುದು ಗಂಟಲಿನ ಹತ್ತಿರ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತೇವೆ. ಪ್ರತಿ ಸಲವೂ ಜಗಳವಾಗುತ್ತದೆ. ಸ್ಪರ್ಧೆಗಳಲ್ಲಿ ಹೇಗೆ ಅಂಕ ಹಾಕುತ್ತಾರೆ?

ಉತ್ತರ: 1985ರಲ್ಲಿ ಅಮೆರಿಕದಲ್ಲಿ ಆರಂಭವಾದ, ಬಿಜೆಸಿಪಿ ಎಂಬ ಹ್ರಸ್ವನಾಮದಿಂದ ಪರಿಚಿತವಾದ ತೀರ್ಪುಗಾರರ ಸಂಸ್ಥೆಯ ಪದ್ಧತಿ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅನುಭವವಾಗುವ ಮೈಕಟ್ಟು ಮತ್ತು ಜುಮುಗುಡುವಿಕೆಗೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಬರಿಯ ಮೂರು ಅಂಕವೆಂಬುದನ್ನು ಗಮನಿಸಿ. ಸುಂದರವಾದ ನೊರೆಯನ್ನು ಕಂಡು ಮರುಳಾಗುವ ನಮ್ಮಂಥವರಿಗೆ ಅದು ಒಳ್ಳೆಯ ಕಡಿವಾಣ. ಈ ಅಂಕಗಳನ್ನು ಕೊಡುವುದು ತೀರ್ಪುಗಾರರಿಗೆ ಬಿಯರ್ ಹಿಡಿಸಿತೇ ಎಂಬುದಕ್ಕಲ್ಲ. ತಾನು ಯಾವ ಜಾತಿಯದೆಂದು ಹೇಳಿಕೊಂಡಿತೋ ಆ ಜಾತಿಯ ಲಕ್ಷಣಗಳನ್ನು ಅದು ಎಷ್ಟರಮಟ್ಟಿಗೆ ಮುಟ್ಟಿತು ಎಂಬುದಕ್ಕೆ. ಸ್ಟೌಟನ್ನು ಕಂಡರಾಗದವರೂ ಒಳ್ಳೆಯ ಸ್ಟೌಟಿಗೆ 42 ಅಂಕ ಕೊಡಲು ಸಾಧ್ಯವಾಗಬೇಕು.

ನಿಮ್ಮ ಗುಂಪಿಗೆ ಇಷ್ಟೆಲ್ಲ ಬೇಡವೆನಿಸಿದರೆ ಎರಡು ಅಂಕಣ ಹಾಕಿಕೊಳ್ಳಿ: ಒಂದರಲ್ಲಿ ಬಿಯರ್ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದೆ ಎಂಬುದು, ಇನ್ನೊಂದರಲ್ಲಿ ನಿಮಗೆ ಎಷ್ಟು ಹಿಡಿಸಿತು ಎಂಬುದು. ಜಗಳಗಳಲ್ಲಿ ಹೆಚ್ಚಿನವು ಈ ಎರಡನ್ನೂ ಒಂದೇ ಅಂಕಿಯಲ್ಲಿ ತುರುಕುವುದರಿಂದ ಹುಟ್ಟುತ್ತವೆ. ಜೊತೆಗೆ ಪ್ರತಿ ಅಂಕದ ಪಕ್ಕದಲ್ಲಿ ಒಂದು ಸಾಲಿನ ಕಾರಣವನ್ನು ಕಡ್ಡಾಯವಾಗಿ ಬರೆಯಿರಿ, 'ಚೆನ್ನಾಗಿದೆ' ಎಂಬ ಪದವನ್ನು ನಿಷೇಧಿಸಿ. ಮೊದಲ ಪತ್ರದ ಗೆಳೆಯರಲ್ಲಿ, ಬಾಟಲಿ ಕಾಣದಿದ್ದ ಸಂಜೆ ಲಾಗರನ್ನು ಮೊದಲಿಗಿಟ್ಟ ಇಬ್ಬರು ಅಂತಹ ಸಾಲನ್ನೇನಾದರೂ ಬರೆದಿಟ್ಟಿದ್ದರೆ ಅದನ್ನು ಓದುವ ಕುತೂಹಲ ನನಗಿದೆ. ಮುಂದಿನ ಪತ್ರದಲ್ಲಿ ದಯವಿಟ್ಟು ಕಳುಹಿಸಲಿ.